ಮೂರನೇ ತಿರುವಿನ ಕರೆ

ಮಾರ್ಚ್ ೩, ಭಾನುವಾರ

ಇವತ್ತು ಗೆದ್ದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಹೊಟ್ಟೆ ಹೊರೆಯುವ ಮನುಷ್ಯನೊಬ್ಬ ಕಂಪ್ಯೂಟರಿನ ಕಿವಿ ಹಿಂಡಿ ರೇಡಿಯೋ ಮಾತಾಡಿಸಿದ್ದಾನೆ. ಊರಿನಲ್ಲಿ ಇದನ್ನು ಬರೆದಿಡುವಷ್ಟು ತಿಳಿವಳಿಕೆ ಇನ್ನಾರಿಗೂ ಇಲ್ಲವಾದ್ದರಿಂದ ನಾನೇ ಬರೆದಿಡುತ್ತಿದ್ದೇನೆ.

ಕಂಪ್ಯೂಟರ್ ಯಾವುದೋ ಆಫೀಸಿನವರು ಬಿಸಾಡಿದ್ದು. ಅದರ ಬೆನ್ನಿನಲ್ಲಿ ಪ್ರಿಂಟರ್ ಸಿಕ್ಕಿಸಲೆಂದು ಇಪ್ಪತ್ತೈದು ತೂತಿನ ಅಗಲವಾದ ಬಾಯಿಯೊಂದಿದೆ. ಪ್ಯಾರಲಲ್ ಪೋರ್ಟ್ ಎನ್ನುತ್ತಾರೆ. ನನ್ನ ಹತ್ತಿರ ಪ್ರಿಂಟರ್ ಇಲ್ಲ, ಬಾಯಿ ಸುಮ್ಮನೆ ತೆರೆದುಕೊಂಡಿತ್ತು. ಎರಡನೇ ತೂತಿನಿಂದ ಒಂದು ತಂತಿ ಎಳೆದು, ಒಂದು ಟ್ರಾನ್ಸಿಸ್ಟರು, ಒಂದು ರಿಲೇ ಸೇರಿಸಿ, ಎಲ್ಲವನ್ನೂ ಸೋಪಿನ ಡಬ್ಬಿಯೊಳಗೆ ಕೂರಿಸಿ, ಅಲ್ಲಿಂದ ರೇಡಿಯೋದ ಮೈಕಿನ ಗುಂಡಿಗೆ ಜೋಡಿಸಿದೆ. ಕಂಪ್ಯೂಟರ್ ಆ ತಂತಿಗೆ ಐದು ವೋಲ್ಟ್ ಕೊಟ್ಟರೆ ಸಾಕು, ಡಬ್ಬಿಯೊಳಗೆ ಟಿಕ್ ಎನ್ನುತ್ತದೆ. ಯಾರೋ ಗುಂಡಿ ಒತ್ತಿದ ಹಾಗೆ ರೇಡಿಯೋ ಪ್ರಸಾರಕ್ಕೆ ತಿರುಗುತ್ತದೆ, ಕೆಂಪು ದೀಪ ಹತ್ತುತ್ತದೆ. ಆಮೇಲೆ ನಾನು ಮೊದಲೇ ತುಂಬಿಸಿಟ್ಟ ನನ್ನ ದನಿ ತಾನಾಗಿ ಗಾಳಿಗೆ ಹೋಗುತ್ತದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ನೀವು ಮನೇಲಿ ಇಲ್ದೇ ಇರೋ ಹೊತ್ತಾದ್ರೂ ಸ್ವಲ್ಪ ನೆಮ್ಮದಿ ಇತ್ತು. ಇನ್ಮೇಲೆ ಅದೂ ಇಲ್ಲ" ಎಂದಳು.

"ಇದನ್ನ ಮಾತ್ರ ಮುಟ್ಟಬೇಡ. ದೂಳು ಒರೆಸೋ ನೆಪದಲ್ಲೂ ಮುಟ್ಟಬೇಡ" ಎಂದೆ.

ಸಂಜೆ ಸೂಜಿ ಬಂದ. ದರ್ಜಿ, ನನ್ನ ಗೆಳೆಯ. ನಮ್ಮ ರೇಡಿಯೋ ಹವ್ಯಾಸಿಗಳ ಗುಂಪಿನ ಹನ್ನೊಂದು ಜನರಲ್ಲಿ ಅತ್ಯಂತ ಕಡಿಮೆ ಮಾತಾಡುವವನು. ದಿನಾ ಬೆಳಿಗ್ಗೆ ಏಳಕ್ಕೆ ಪೋಸ್ಟ್ ಮಾಸ್ಟರು ರೇಡಿಯೋದಲ್ಲಿ ಹಾಜರಿ ಕೂಗುವಾಗ ನಾವೆಲ್ಲ ನಾಲ್ಕು ಮಾತಾಡಿದರೆ ಇವನು "ಹಾಜರ್" ಎಂದು ಗುಂಡಿ ಬಿಟ್ಟುಬಿಡುತ್ತಾನೆ. ಡಬ್ಬಿಯನ್ನು ಬಟ್ಟೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

"ಎಲ್ಲ ಸರಿ ಕಣೋ. ಆದ್ರೆ ಕಂಪ್ಯೂಟರ್ ನಿದ್ದೆಯಿಂದ ಏಳುವಾಗ ಪ್ರಿಂಟರ್ ಇದೆಯಾ ಅಂತ ತಡಕಾಡತ್ತೆ. ಆಗ ಈ ತಂತಿ ತಾನಾಗೇ ಮೇಲೇಳತ್ತೆ, ಅಂದ್ರೆ ಅದಕ್ಕೆ ಐದು ವೋಲ್ಟ್ ಬಂದುಬಿಡತ್ತೆ. ನಿನ್ನ ಪ್ರೋಗ್ರಾಮ್ ಶುರುವಾಗೋ ತನಕ ಅದನ್ನ ಇಳಿಸೋರು ಯಾರೂ ಇರಲ್ಲ."

"ಅದಕ್ಕೇನೀಗ?"

"ಮೂರು ನಿಮಿಷ ಆಗ್ತಿದ್ದ ಹಾಗೆ ರೇಡಿಯೋ ಬಾಯಿ ಮುಚ್ಚಿಸೋ ಒಂದು ಟೈಮರ್ ಹಾಕು. ಇಷ್ಟೇ ಇಷ್ಟು ಕೆಲಸ."

"ಒಂದು ಗುಂಡಿಗೆ ನಾಲ್ಕು ಗಂಟು ಹಾಕೋನು ನೀನು. ಹೋಗು, ಹೋಗಿ ಹೊಲಿ" ಎಂದೆ. ನಕ್ಕು ಹೋದ.

ಮಾರ್ಚ್ ೬, ಬುಧವಾರ

ಬರುವ ಭಾನುವಾರ ಗುಡ್ಡದ ಸುತ್ತ ಸೈಕಲ್ ಸ್ಪರ್ಧೆ. ಗುಡ್ಡದ ಹಿಂದೆ ಫೋನು ಹಿಡಿಯುವುದಿಲ್ಲವಾದ್ದರಿಂದ ಪ್ರತಿ ತಿರುವಿನಲ್ಲೂ ನಮ್ಮವನೊಬ್ಬ ಕೈರೇಡಿಯೋ ಹಿಡಿದು ನಿಲ್ಲಬೇಕು. ಮೈದಾನದ ಮುಖ್ಯ ಮೇಜಿಗೆ ಯಾರು ಎಂದು ಪೋಸ್ಟ್ ಮಾಸ್ಟರು ಕೇಳುವಷ್ಟರಲ್ಲಿ ನಾನು ಕುರ್ಚಿ ಎಳೆದುಕೊಂಡಾಗಿತ್ತು. ಮೂರನೇ ತಿರುವು ಗುಡ್ಡದ ಬೆನ್ನಿಗಿದೆ, ನೆರಳಿಲ್ಲ, ಜನರಿಲ್ಲ. ಅಲ್ಲಿಗೆ ಸೂಜಿಯನ್ನು ಹಾಕಿಸಿದೆ. ಮಾತಾಡದವನಿಗೆ ಜನ ಯಾಕೆ?

ಸ್ಪರ್ಧೆಯಲ್ಲಿ ನನ್ನ ತಂಗಿಯ ಮಗಳೂ ಇದ್ದಾಳೆ. ನಡೆಯುವುದಕ್ಕಿಂತ ಮೊದಲು ಪೆಡಲು ತುಳಿದವಳು, ಅದಕ್ಕೇ ಅವಳನ್ನು ಗಾಲಿ ಎನ್ನುತ್ತೇವೆ. ಸೂಜಿ ಅವಳಿಗೆ ಹಳದಿ ಅಂಗಿ ಹೊಲಿದಿದ್ದಾನೆ, ಬೆನ್ನಿಗೆ ಮೂರು ಜೇಬು. "ಇದರಲ್ಲಿ ಗೆಲ್ಲದೇ ಇದ್ರೆ ವಾಪಸ್ ಕೊಡ್ಬೇಕು" ಎಂದನಂತೆ. ಅವಳು, "ಗೆದ್ದರೆ ನಾಲ್ಕನೇ ಜೇಬು ಹೊಲಿದು ಕೊಡಬೇಕು, ಕಪ್ ಇಡೋಕೆ" ಎಂದಳಂತೆ. ಈ ಬಾಯಿ ನನ್ನ ಕಡೆಯಿಂದ ಬಂದದ್ದು.

ಮಾರ್ಚ್ ೯, ಶನಿವಾರ

ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ ಬರೆಯುತ್ತೇನೆ.

ನಾಳೆ ಎಂಟು ಗಂಟೆಗೆ ಸರಿಯಾಗಿ, ನಾನು ಮೈದಾನದಲ್ಲಿ ಕೈಕಟ್ಟಿ ಕೂತಿರುವಾಗ, ಮನೆಯ ರೇಡಿಯೋದಿಂದ ನನ್ನದೇ ದನಿ ಸ್ಪರ್ಧಿಗಳಿಗೆ ಶುಭ ಕೋರುತ್ತದೆ. ಮೇಜಿನ ಸುತ್ತ ಇರುವವರ ಮುಖ ಹೇಗಿರಬಹುದು. ಪೋಸ್ಟ್ ಮಾಸ್ಟರು ನನ್ನ ತುಟಿ ನೋಡುತ್ತಾರೆ, ತುಟಿ ಅಲುಗುವುದಿಲ್ಲ.

ಮನೆ ರೇಡಿಯೋ ಬ್ಯಾಟರಿಯಲ್ಲಿ ಓಡುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ. ತಾರಸಿಯ ಮೇಲೆ ಏರಿಯಲ್ಲು ಮೂರಾಳೆತ್ತರ. ಅದರ ಮುಂದೆ ಕೈರೇಡಿಯೋಗಳೆಲ್ಲ ಸೊಳ್ಳೆ.

ಮಾರ್ಚ್ ೧೦, ಭಾನುವಾರ

ಗಾಲಿ ಬಿದ್ದಳು. ಮೂರನೇ ತಿರುವಿನಲ್ಲಿ, ಕಲ್ಲು ಚರಂಡಿಗೆ. ಬಲಗಾಲು. ಆಪರೇಷನ್ ಮೂರು ಗಂಟೆ ಹಿಡಿಯಿತು.

ತಂಗಿ ಒಂದೇ ಮಾತು ಕೇಳಿದಳು: "ಅಣ್ಣಾ, ನೀವೆಲ್ಲ ರೇಡಿಯೋ ಹಿಡ್ಕೊಂಡು ಅಲ್ಲೇ ಇದ್ರಲ್ಲಾ?"

ಮಾರ್ಚ್ ೧೧, ಸೋಮವಾರ

ಎಲ್ಲರೂ ಹೇಳುವುದನ್ನು ಬರೆಯುತ್ತೇನೆ.

ಎಂಟೂ ಹತ್ತಕ್ಕೆ ಬಿದ್ದಳು. ಸೂಜಿ ಚರಂಡಿಗಿಳಿದು, ಕೊರಳಲ್ಲಿದ್ದ ಅಳತೆಯ ಟೇಪಿನಿಂದ ಅವಳ ತೊಡೆಗೆ ಬಿಗಿಯಾಗಿ ಕಟ್ಟಿ ರಕ್ತ ನಿಲ್ಲಿಸಿದ. ಕೈ ಬಿಟ್ಟರೆ ಮತ್ತೆ ಹರಿಯುತ್ತಿತ್ತು, ಬಿಟ್ಟು ಓಡುವ ಹಾಗಿರಲಿಲ್ಲ. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ರೇಡಿಯೋ. ಕರೆದೆ, ಇಪ್ಪತ್ತು ಸಲ ಕರೆದೆ ಎನ್ನುತ್ತಾನೆ. ಮೇಜಿನಲ್ಲಿ ನಮಗೆ ಒಂದು ಸಲವೂ ಕೇಳಲಿಲ್ಲ. ನಲವತ್ತು ನಿಮಿಷದ ಮೇಲೆ ಹಾಲಿನ ವ್ಯಾನೊಂದು ಆ ದಾರಿಯಲ್ಲಿ ಬಂತು.

ಡಾಕ್ಟರು ಹೇಳಿದ್ದು: ಪಾದಕ್ಕೆ ರಕ್ತ ಹೋಗದೆ ಬಹಳ ಹೊತ್ತಾಗಿದೆ. ಕಾಲು ಉಳಿಯುತ್ತದೆ. ಪಾದದ ಕೀಲು ಮೊದಲಿನ ಹಾಗೆ ಬಗ್ಗುವುದಿಲ್ಲ. ಅರ್ಧ ಗಂಟೆ ಮೊದಲು ತಂದಿದ್ದರೆ ಬೇರೆ ಮಾತು.

ಆಸ್ಪತ್ರೆಯ ಪಡಸಾಲೆಯಲ್ಲಿ ಎಲ್ಲರೂ ಸೂಜಿಯ ಕಡೆ ನೋಡಿದರು. ಆಗ ಒಬ್ಬ, "ಪಾಪ, ಗಾಬರಿಯಲ್ಲಿ ಗುಂಡಿ ಸರಿಯಾಗಿ ಒತ್ತೋಕೆ ಬಂದಿರಲಿಕ್ಕಿಲ್ಲ" ಎಂದ. ಅದು ನಾನೇ.

ಮಧ್ಯಾಹ್ನ ಮನೆಗೆ ಬಂದೆ. ರೇಡಿಯೋ ಇರುವ ಕೋಣೆ ಸೆಕೆಯಾಗಿತ್ತು. ಕಿಟಕಿ ತೆಗೆದೆ.

ಮಾರ್ಚ್ ೧೩, ಬುಧವಾರ

ಮೊನ್ನೆ ಕಿಟಕಿ ತೆಗೆದೆ ಎಂದು ಬರೆದು ಪೆನ್ನು ಮುಚ್ಚಿದೆ. ಮಧ್ಯಾಹ್ನ ಬಂದೆ ಎಂದೂ ಬರೆದೆ. ಬಂದದ್ದು ಸೋಮವಾರ ಅಲ್ಲ, ಭಾನುವಾರ, ಆಸ್ಪತ್ರೆಗೆ ಹೊದಿಕೆ ಒಯ್ಯಲೆಂದು. ಬಿಟ್ಟದ್ದನ್ನು ಬರೆಯುತ್ತೇನೆ.

ರೇಡಿಯೋದ ಕೆಂಪು ದೀಪ ಉರಿಯುತ್ತಿತ್ತು. ಬೆನ್ನು ಮುಟ್ಟಿದರೆ ಕೈ ಚುರ್ ಎಂದಿತು. ಪರದೆಯ ಮೇಲೆ ನನ್ನ ಪ್ರೋಗ್ರಾಮು ಇರಲಿಲ್ಲ, ಕಂಪ್ಯೂಟರ್ ಹೊಸದಾಗಿ ಎದ್ದು ಏನು ಮಾಡಲಿ ಎಂದು ಕೇಳುತ್ತಾ ನಿಂತಿತ್ತು. ಬೆಳಿಗ್ಗೆ ಏಳೂವರೆಗೆ ಕರೆಂಟು ಕಣ್ಣು ಮಿಟುಕಿಸಿತ್ತಂತೆ, ಪಕ್ಕದ ಮನೆಯವರು ಹೇಳಿದರು. ಸೂಜಿ ಹೇಳಿದ ಹಾಗೆಯೇ ಆಗಿದೆ. ತಂತಿ ತಾನಾಗಿ ಎದ್ದಿದೆ, ಇಳಿಸುವವರಿಲ್ಲ. ಏಳೂವರೆಯಿಂದ ಮಧ್ಯಾಹ್ನದ ತನಕ ನನ್ನ ಮೂರಾಳೆತ್ತರದ ಏರಿಯಲ್ಲು ಏನೂ ಮಾತಾಡದೆ, ಬರೀ ಮೌನವನ್ನು, ಸ್ಪರ್ಧೆಯ ಅಲೆಯ ಮೇಲೆ ಕೂಗುತ್ತಾ ಇತ್ತು. ದೊಡ್ಡ ಸೆಟ್ಟಿನ ಮೌನದ ಕೆಳಗೆ ಸಣ್ಣ ಸೆಟ್ಟಿನ ಮಾತು ಹೂತುಹೋಗುತ್ತದೆ. ಮೊದಲೆರಡು ತಿರುವಿನವರು ಮೈದಾನಕ್ಕೆ ಹತ್ತಿರ, ಅವರದು ಹೇಗೋ ತೂರಿ ಬಂತು. ಮೂರನೆಯದು ಬರಲಿಲ್ಲ.

ಇಷ್ಟೇ ಆಗಿದ್ದರೆ ಗೊತ್ತಿಲ್ಲದೆ ಆಯಿತು ಎನ್ನಬಹುದಿತ್ತು.

ಮೈದಾನದಲ್ಲಿ ರೇಡಿಯೋದ ಸರಸರ ಸದ್ದು ಇದ್ದಕ್ಕಿದ್ದ ಹಾಗೆ ನಿಂತಾಗ ನಾನು ಪೋಸ್ಟ್ ಮಾಸ್ಟರಿಗೆ ಹೇಳಿದೆ, "ನೋಡಿ ಸಾರ್, ಇವತ್ತು ಅಲೆ ಎಷ್ಟು ಸ್ವಚ್ಛ. ನಾನು ಮೇಜಿಗೆ ಕೂತರೆ ಹೀಗೆ." ಕೈರೇಡಿಯೋದ ಹಸಿರು ದೀಪ, ಯಾರೋ ಪ್ರಸಾರ ಮಾಡುತ್ತಿದ್ದಾರೆ ಎಂದು ಹೇಳುವ ದೀಪ, ಅಷ್ಟು ಹೊತ್ತೂ ಹತ್ತಿಯೇ ಇತ್ತು. ಅದರ ಮುಂದೆ ನನ್ನ ಟೀ ಲೋಟ ಇಟ್ಟುಕೊಂಡಿದ್ದೆ.

ಇನ್ನೊಂದು. ಎಂಟು ಗಂಟೆಗೆ ನನ್ನ ದನಿ ಬರಲಿಲ್ಲ. ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಆಗಲೇ ಗೊತ್ತಾಯಿತು. ಮನೆ ಹತ್ತು ನಿಮಿಷದ ದಾರಿ. ಏಳಬೇಕು ಎಂದುಕೊಂಡೆ. ಅಷ್ಟರಲ್ಲಿ ಮೈದಾನದ ಮೈಕಿನವನು ನನ್ನ ಹೆಸರು ಹೇಳಿ ಹೊಗಳಲು ಶುರು ಮಾಡಿದ. ಕೂತೆ.

ಇವತ್ತು ಕಂಪ್ಯೂಟರಿನ ಪ್ಲಗ್ಗು ಕಿತ್ತು ಹಾಕಿ ಹತ್ತು ಸಲ ನೋಡಿದೆ. ತಂತಿ ಏಳದೇ ಇದ್ದರೆ ತಪ್ಪು ಬೇರೆ ಯಾರದ್ದೋ ಆಗುತ್ತದೆ. ಏಳು ಸಲ ಟಿಕ್ ಎಂದಿತು.

ಮಾರ್ಚ್ ೧೫, ಶುಕ್ರವಾರ

ಕೇಳುವುದೋ ಬಿಡುವುದೋ ಎಂಬ ಹಾಗೆ ಹೆಂಡತಿ ಬಟ್ಟೆ ಮಡಚುತ್ತಾ ಕೇಳಿದಳು.

"ರೀ, ಅವತ್ತು ಬೆಳಿಗ್ಗೆ ಕಸ ಗುಡಿಸುವಾಗ ನಿಮ್ಮ ಸೆಟ್ಟಿನ ಕೆಂಪು ದೀಪ ಹತ್ತಿತ್ತು. ಒಲೆ ಹಾಗೆ ಕಾದಿತ್ತು. ಮುಟ್ಟಬೇಡ ಅಂದಿದ್ರಲ್ಲ, ಬಿಟ್ಟೆ. ಅದಕ್ಕೂ ಮಗು ಬಿದ್ದಿದ್ದಕ್ಕೂ ಏನಾದ್ರೂ ಸಂಬಂಧ ಇದೆಯಾ?"

"ಇಲ್ಲ" ಎಂದೆ.

"ಆಫ್ ಮಾಡಬೇಕಿತ್ತೇನೋ ಅಂತ ನಂಗೆ ಒಂದೇ ಸಮ ಅನ್ನಿಸ್ತಾ ಇದೆ."

"ಇಲ್ಲ ಅಂದ್ನಲ್ಲ."

ಒಂದೇ ಅಂಗಿಯನ್ನು ಎರಡು ಸಲ ಮಡಚಿದಳು.

ಮಾರ್ಚ್ ೧೬, ಶನಿವಾರ

ಸೂಜಿ ನನ್ನ ಮೋಟಾರು ಅಂಗಡಿಗೆ ಬಂದ. ಕೈರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಗಡ್ಡ ಬಿಟ್ಟಿದ್ದಾನೆ, ಅವನಿಗೆ ಒಪ್ಪುವುದಿಲ್ಲ.

"ನೀನೇ ಬಿಚ್ಚಿ ನೋಡಿ ಹೇಳು ಕಣೋ. ಕೆಟ್ಟಿದೆಯಾ, ಇಲ್ಲ ನಾನೇ ಸರಿಯಾಗಿ ಒತ್ತಿಲ್ವಾ. ಮಿಷನ್ ಮುಂದೆ ಕೂತರೂ ಹೆಬ್ಬೆಟ್ಟು ಸುಮ್ಮನೆ ಒತ್ತುತ್ತಾ ಇರತ್ತೆ. ಒತ್ತಿದ್ದೆ ಅಂತ ಮೊದಲು ಖಾತ್ರಿ ಇತ್ತು. ಈಗ ಇಲ್ಲ."

ನಾಳೆ ಸಭೆ ಇದೆ. ಗುಂಪಿನಿಂದ ಅವನನ್ನು ತೆಗೆಯುವ ಮಾತು ನಡೆದಿದೆ.

ಅವನು ಹೋದ ಮೇಲೆ ಬಿಚ್ಚಿದೆ. ಸೆಟ್ಟು ಚೆನ್ನಾಗಿತ್ತು. ಎಲ್ಲವೂ ಚೆನ್ನಾಗಿತ್ತು. ಆಗ ತಲೆಗೆ ಒಂದು ಉಪಾಯ ಹೊಳೆಯಿತು. ಸೆಟ್ಟೇ ಕೆಟ್ಟಿದ್ದರೆ ಯಾರ ತಪ್ಪೂ ಅಲ್ಲ. ಅವನೂ ಉಳಿಯುತ್ತಾನೆ. ಗುಂಡಿಗೆ ಹೋಗುವ ಸಣ್ಣ ತಂತಿಯನ್ನು ಕಟರಿನಿಂದ ಒಂದೇ ಏಟಿಗೆ ಕತ್ತರಿಸಿ, ಮುಚ್ಚಳ ಹಾಕಿದೆ.

ಅವನಿಗೆ ಒಳ್ಳೆಯದೇ ಮಾಡಿದ್ದು.

ಮಾರ್ಚ್ ೧೭, ಭಾನುವಾರ

ಸಭೆಯಲ್ಲಿ ಸೆಟ್ಟು ಬಿಚ್ಚಿ ತೋರಿಸಿದೆ. ತಂತಿ ತುಂಡಾಗಿದೆ, ಗುಂಡಿ ಒತ್ತಿದರೂ ಪ್ರಸಾರ ಆಗುವ ಹಾಗಿರಲಿಲ್ಲ, ಮನುಷ್ಯನ ತಪ್ಪಲ್ಲ ಎಂದೆ. ಎಲ್ಲರ ಭುಜ ಒಮ್ಮೆಗೇ ಕೆಳಗಿಳಿಯಿತು. ಪೋಸ್ಟ್ ಮಾಸ್ಟರು, "ಇನ್ಮೇಲೆ ಎಲ್ಲರ ಸೆಟ್ಟನ್ನೂ ನೀವೇ ಪರೀಕ್ಷೆ ಮಾಡಿ ಸಹಿ ಹಾಕಬೇಕು" ಎಂದು ನನಗೊಂದು ಪದವಿಯನ್ನೂ ಕೊಟ್ಟರು. ಬೇರೆ ದಿನ ಆಗಿದ್ದರೆ ಅದಕ್ಕೊಂದು ಪುಟ ಬರೆಯುತ್ತಿದ್ದೆ.

ಸೂಜಿಯನ್ನು ತೆಗೆಯಲಿಲ್ಲ. ಆದರೆ ಸೆಟ್ಟು ನೋಡಿಕೊಳ್ಳದೆ ಬಂದನಲ್ಲ ಎಂದು, ಇನ್ನು ಮುಂದೆ ಅವನಿಗೆ ಕಾವಲಿನ ಕೆಲಸ ಕೊಡುವುದಿಲ್ಲವಂತೆ. ಅವನು ಸೆಟ್ಟು ಎತ್ತಿಕೊಂಡು ಬೆಳಕಿಗೆ ಹಿಡಿದು ಒಳಗೆ ನೋಡಿದ. ಬಹಳ ಹೊತ್ತು ನೋಡಿದ.

ಆಸ್ಪತ್ರೆಯಲ್ಲಿ ಗಾಲಿಗೆ ವಿಷಯ ಹೇಳಿದೆ. ಗೋಡೆ ಕಡೆ ತಿರುಗಿ, "ಕೆಟ್ಟ ಸೆಟ್ ಹಿಡ್ಕೊಂಡು ಯಾಕೆ ಬಂದ್ರಂತೆ? ಅವರು ಹೊಲಿದ ಅಂಗೀನ ಇಲ್ಲಿ ಕತ್ತರಿ ಹಾಕಿ ತೆಗೆದ್ರು. ಒಳ್ಳೇದೇ ಆಯ್ತು" ಎಂದಳು. ಆ ಅಂಗಿಯ ತುಂಡುಗಳನ್ನು ಕೇಳಿ ತೆಗೆದುಕೊಂಡು ಹೋದವನು ಸೂಜಿ ಎಂದು ತಂಗಿ ಆಮೇಲೆ ಹೇಳಿದಳು.

ಮಾರ್ಚ್ ೧೮, ಸೋಮವಾರ

ಅಂಗಡಿ ತೆರೆಯುವ ಹೊತ್ತಿಗೆ ಸೂಜಿ ಬಂದು ಕಾಯುತ್ತಿದ್ದ. ಸೆಟ್ಟಿನ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟ.

"ಈ ತಂತೀನ ಸ್ಪರ್ಧೆಯ ಹಿಂದಿನ ದಿನ ನಾನೇ ಬೆಸುಗೆ ಹಾಕಿದ್ದು. ಅಲುಗಬಾರದು ಅಂತ ಪಕ್ಕದ ತಂತಿ ಜೊತೆ ಸೇರಿಸಿ ಕೆಂಪು ದಾರ ಸುತ್ತಿದ್ದೆ. ಇಲ್ಲಿ ನೋಡು."

ನೋಡಿದೆ. ಕಾಳಿನಷ್ಟು ಕೆಂಪು ದಾರ. ಶನಿವಾರ ಅದು ದಾರ ಎಂದು ಗೊತ್ತಾಗಿರಲಿಲ್ಲ, ತಂತಿಯ ಮೇಲಿನ ಬಣ್ಣ ಎಂದುಕೊಂಡಿದ್ದೆ.

"ಎಳೆದು ಹರಿದ ದಾರದ ತುದಿ ಎಳೆ ಬಿಚ್ಚಿಕೊಂಡು ಪೊರಕೆ ಆಗತ್ತೆ. ಇದು ಹಾಗಿಲ್ಲ. ಸಮ ಇದೆ. ನನ್ನ ಕೆಲಸವೇ ಇದು ಕಣೋ, ನಲವತ್ತು ವರ್ಷದಿಂದ ದಾರದ ತುದಿ ನೋಡ್ತಾ ಇದೀನಿ. ಇದಕ್ಕೆ ಕತ್ತರಿ ತಾಗಿದೆ."

ಕಟರು ಅದೇ ಮೇಜಿನ ಮೇಲಿತ್ತು.

"ನಾನೇನೂ ಕೇಳಲ್ಲ" ಎಂದ. "ಆದ್ರೆ ಇದರಿಂದ ನಂಗೆ ಒಂದು ಗೊತ್ತಾಯ್ತು. ನಾನು ಒತ್ತಿರದಿದ್ರೆ ಇದನ್ನ ಕತ್ತರಿಸೋ ಅಗತ್ಯ ಯಾರಿಗೂ ಇರ್ತಿರಲಿಲ್ಲ. ನಾನು ಸರಿಯಾಗೇ ಒತ್ತಿದ್ದೆ."

ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಬಾಗಿಲು ಹಾಕುವಾಗ ಸದ್ದಾಗದ ಹಾಗೆ ಹಾಕಿದ.

ಮಾರ್ಚ್ ೨೦, ಬುಧವಾರ

ಎರಡು ಮೋಟಾರು ಸುತ್ತಿದೆ. ಎರಡನ್ನೂ ಬಿಚ್ಚಿ ಮತ್ತೆ ಸುತ್ತಬೇಕಾಯಿತು.

ಮಾರ್ಚ್ ೨೧, ಗುರುವಾರ

ಬೆಳಿಗ್ಗೆ ಮೊದಲು ಹೆಂಡತಿಗೆ ಹೇಳಿದೆ. ಸಂಬಂಧ ಇದೆ ಎಂದೆ. ಆಫ್ ಮಾಡದೇ ಇದ್ದದ್ದು ನಿನ್ನ ತಪ್ಪಲ್ಲ, ಮುಟ್ಟಬೇಡ ಎಂದದ್ದು ನಾನು ಎಂದೆ. ಅವಳು ನೆಲದ ಮೇಲೆ ಕೂತುಬಿಟ್ಟಳು. "ಆರು ದಿನ ನನ್ನನ್ನ ಹೀಗೆ ಬೇಯೋಕೆ ಬಿಟ್ರಾ?" ಎಂದಳು. ಆಮೇಲೆ ಎದ್ದು ಆಸ್ಪತ್ರೆಗೆ ಒಯ್ಯುವ ಚೀಲವನ್ನು ನನ್ನ ಕೈಗೆ ಕೊಟ್ಟಳು. "ಮಗುಗೂ ಹೇಳಿ. ಅರ್ಧ ಹೇಳಬೇಡಿ."

ಗಾಲಿಯ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಸೋಪಿನ ಡಬ್ಬಿ, ಎಂಟು ಗಂಟೆ, ಟೀ ಲೋಟ, ಕಟರು. ಅವಳು ನಡುವೆ ಒಂದೇ ಪ್ರಶ್ನೆ ಕೇಳಿದಳು.

"ಎಂಟು ಗಂಟೆಗೇ ಗೊತ್ತಾಯ್ತಾ ಮಾಮ?"

"ಏನೋ ಕೆಟ್ಟಿದೆ ಅಂತ ಗೊತ್ತಾಯ್ತು. ಏಳಲಿಲ್ಲ."

"ನಾನು ಬಿದ್ದದ್ದು ಎಂಟೂ ಹತ್ತಕ್ಕೆ."

"ಹೌದು."

ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅವಳು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.

"ಸೂಜಿ ಮಾಮ ನನ್ನ ಕಿವಿ ಪಕ್ಕದಲ್ಲೇ ಕೂಗ್ತಾ ಇದ್ರು. ಮೂರನೇ ತಿರುವು, ಯಾರಾದ್ರೂ ಕೇಳ್ತಿದೀರಾ, ಮೂರನೇ ತಿರುವು ಅಂತ. ನಂಗೆ ಭಯ ಆಗ್ಲಿಲ್ಲ ಗೊತ್ತಾ? ಮೇಜಿನಲ್ಲಿ ನಮ್ಮ ಮಾಮ ಇದಾರೆ, ಈಗ ಮಾತಾಡ್ತಾರೆ ಅಂದ್ಕೊಂಡಿದ್ದೆ. ನೀವು ಸುಮ್ಮನಿರೋರೇ ಅಲ್ವಲ್ಲ."

ಆಮೇಲೆ, "ನೀವು ಈಗ ಹೋಗಿ. ಸೂಜಿ ಮಾಮನ್ನ ಕಳಿಸಿ" ಎಂದಳು.

ಹೋಗಿ ಸೂಜಿಗೂ ಹೇಳಿದೆ. ಅವನು ಮಿಷನ್ ಮುಂದೆ ಹಳದಿ ಬಟ್ಟೆಯ ತುಂಡುಗಳನ್ನು ಜೋಡಿಸುತ್ತಿದ್ದ. ಕೇಳಿಸಿಕೊಂಡ, ದಾರ ಕಡಿದ, ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟ. ನನ್ನನ್ನು ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಮಾರ್ಚ್ ೨೨, ಶುಕ್ರವಾರ

ಬೆಳಿಗ್ಗೆ ಏಳರ ಹಾಜರಿಯಲ್ಲಿ ನನ್ನ ಸರದಿ ಬಂದಾಗ ಗುಂಡಿ ಒತ್ತಿ ಎಲ್ಲವನ್ನೂ ಹೇಳಿದೆ. ನಾಲ್ಕು ನಿಮಿಷ ಹಿಡಿಯಿತು. ಸೂಜಿ ಹೇಳಿದ ಟೈಮರ್ ಇದ್ದಿದ್ದರೆ ಕೊನೆಯ ನಿಮಿಷ ಕಡಿದುಹೋಗುತ್ತಿತ್ತು. ಕೊನೆಯ ನಿಮಿಷದಲ್ಲಿ ಇದ್ದದ್ದು ಕತ್ತರಿಸಿದ ತಂತಿಯ ಮಾತು.

ಗುಂಡಿ ಬಿಟ್ಟೆ. ಬರೀ ಸರಸರ ಸದ್ದು. ಯಾರಿಗೂ ಕೇಳಿಸಲಿಲ್ಲವೇನೋ, ಮತ್ತೆ ಮೊದಲಿಂದ ಹೇಳಬೇಕೇನೋ ಎಂದುಕೊಂಡೆ.

ಆಮೇಲೆ ಸೂಜಿಯ ದನಿ: "ಕೇಳಿಸಿತು."

ಮಾರ್ಚ್ ೨೪, ಭಾನುವಾರ

ಸಭೆ. ಒಂದು ವರ್ಷ ನಾನು ಪ್ರಸಾರ ಮಾಡುವ ಹಾಗಿಲ್ಲ. ಹಾಜರಿಪಟ್ಟಿಯಿಂದ ಹೆಸರು ಹೊಡೆದರು. ಪರೀಕ್ಷೆಯ ಪದವಿ ಸೂಜಿಗೆ. ಪೋಸ್ಟ್ ಮಾಸ್ಟರು, "ಏನಾದ್ರೂ ಹೇಳೋದು ಇದೆಯಾ?" ಎಂದರು. ಇಲ್ಲ ಎಂದೆ.

ಸೂಜಿ ಮನೆಗೆ ಬಂದು ಮೈಕನ್ನೂ ಸೋಪಿನ ಡಬ್ಬಿಯನ್ನೂ ಬಿಚ್ಚಿಕೊಂಡ. ಸ್ಪೀಕರನ್ನು ಮುಟ್ಟಲಿಲ್ಲ. "ಕೇಳೋಕೆ ಯಾರ ಅಪ್ಪಣೆನೂ ಬೇಡ" ಎಂದ. ಹೆಂಡತಿ ಅವನಿಗೆ ಟೀ ಕೊಟ್ಟಳು, ನನಗೂ ಕೊಟ್ಟಳು. ಅವನು ಹೋದ ಮೇಲೆ ಅವಳನ್ನು ಕೋಣೆಗೆ ಕರೆದು ಯಾವ ಸ್ವಿಚ್ಚು ಯಾವುದರದ್ದು ಎಂದು ಒಂದೊಂದಾಗಿ ತೋರಿಸಿಕೊಟ್ಟೆ.

ಏಪ್ರಿಲ್ ೭, ಭಾನುವಾರ

ದಿನಾ ಏಳಕ್ಕೆ ಸ್ಪೀಕರಿನ ಮುಂದೆ ಕೂರುತ್ತೇನೆ. ಹಾಲಿನ ವ್ಯಾನಿನವನ ಅಣ್ಣ ನಮ್ಮ ಗುಂಪಿನಲ್ಲೇ ಇದ್ದಾನೆ ಎಂಬುದು ಇಷ್ಟು ವರ್ಷದಲ್ಲಿ ನನಗೆ ಈಗ ಗೊತ್ತಾದದ್ದು. ಪೋಸ್ಟ್ ಮಾಸ್ಟರಿಗೆ ಕೆಮ್ಮು ಜಾಸ್ತಿಯಾಗಿದೆ. ಮೊದಲನೇ ತಿರುವಿನವನು ಮಾತು ಮುಗಿಸಿ ಗುಂಡಿ ಬಿಡುವ ಮೊದಲು ಒಮ್ಮೆ ಉಸಿರು ಬಿಡುತ್ತಾನೆ.

ಇವತ್ತು ಹಾಜರಿ ಮುಗಿದ ಮೇಲೆ ಸೂಜಿ, "ಒಬ್ಬರು ಮಾತಾಡಬೇಕಂತೆ, ನಾನು ಪಕ್ಕದಲ್ಲೇ ಇದೀನಿ" ಎಂದ. ಗಾಲಿಗೆ ರೇಡಿಯೋ ಲೈಸೆನ್ಸಿನ ಪರೀಕ್ಷೆಗೆ ಅವನು ಪಾಠ ಹೇಳುತ್ತಿದ್ದಾನೆ. ಊರುಗೋಲು ಹಿಡಿದು ಅವನ ಅಂಗಡಿಗೆ ನಡೆದೇ ಬರುತ್ತಾಳೆ ಎಂದು ತಂಗಿ ಹೇಳಿದ್ದಳು. ನಮ್ಮ ಮನೆಗೆ ಬಂದಿಲ್ಲ.

ಮೊದಲು ಬರೀ ಊರುಗೋಲು ಯಾವುದಕ್ಕೋ ತಾಗಿದ ಸದ್ದು. ಆಮೇಲೆ ಅವಳ ದನಿ, ಹತ್ತಿರದಿಂದ.

"ಮೂರನೇ ತಿರುವು. ಯಾರಾದ್ರೂ ಕೇಳ್ತಿದೀರಾ?"

ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಕೇಳ್ತಾ ಇದೀವಿ ಮಗಾ, ಚೆನ್ನಾಗಿ ಕೇಳತ್ತೆ, ಹೇಳಮ್ಮ. ಒಂಬತ್ತು ಜನ, ಎಣಿಸಿದೆ. ಆಮೇಲೆ ಸ್ವಲ್ಪ ಹೊತ್ತು ಅಲೆ ಖಾಲಿ ಇತ್ತು.

"ಮಾಮ ಕೇಳ್ತಾ ಇರ್ತಾರಾ?" ಎಂದು ಅವಳು ಸೂಜಿಯನ್ನು ಕೇಳಿದಳು. ಗುಂಡಿ ಬಿಡುವುದನ್ನು ಮರೆತಿದ್ದಳೋ ಏನೋ, ಅವನು ಹೇಳಿದ್ದೂ ಕೇಳಿತು.

"ಇರ್ತಾನೆ. ಉತ್ತರ ಕೊಡೋಕೆ ಅವನ ಹತ್ತಿರ ಏನೂ ಇಲ್ಲ."

ನನ್ನ ಹೆಬ್ಬೆಟ್ಟು ಮೇಜಿನ ಮರವನ್ನು ಒತ್ತಿ ಹಿಡಿದಿತ್ತು. ಕೇಳಿಸಿತು, ಮಗಳೇ. ಇಲ್ಲಿ ಬರೆದಿಡುತ್ತೇನೆ: ಏಳೂ ಇಪ್ಪತ್ತಕ್ಕೆ, ಮೂರನೇ ತಿರುವು, ಸ್ಪಷ್ಟವಾಗಿ ಕೇಳಿಸಿತು.